ಬ್ಯಾಟರಿ ಮಾರುವ ಮೊದಲು ಮೀಟರ್ ಹಿಡಿಯುವ ಅಂಗಡಿ

ಯಶವಂತಪುರದ ಟ್ರಕ್ ಟರ್ಮಿನಲ್ ಸುತ್ತಮುತ್ತ ಆಟೋ ಎಲೆಕ್ಟ್ರಿಕ್ ಅಂಗಡಿಗಳಿಗೇನು ಬರ ಇಲ್ಲ. ಆದರೆ ಲಾರಿ ಸ್ಟಾರ್ಟ್ ಆಗ್ತಿಲ್ಲ ಅಂದರೆ ಸಾಕು, "ಬ್ಯಾಟರಿ ಹೋಗಿದೆ ಸಾರ್" ಅನ್ನುವವರೇ ಜಾಸ್ತಿ. ಹಾಗೆ ಕೇಳಿ ಒಂದು ಜೊತೆ ಹೊಸ ಬ್ಯಾಟರಿ ಹಾಕಿಸಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಕಟ್ ಕಟ್.

ಡ್ರೈವರ್ ಹೇಳಿದ ಅಂಗಡಿಗೆ ಹೋದೆವು. ಬೋರ್ಡ್ ಮಾಸಿದೆ, ಕೂರಲು ಒಂದು ಸ್ಟೂಲ್ ಕೂಡ ಇಲ್ಲ. ಅಂಗಡಿಯ ಭಾಯ್ ಮಾತು ಕಮ್ಮಿ. ಎರಡು ಬ್ಯಾಟರಿಗೂ ಸೇರಿಸಿ ಮೀಟರ್ ಇಟ್ಟರು: 24 ವೋಲ್ಟ್. ಹಿಂದೆ ನೋಡಿದವರೆಲ್ಲ ಇಲ್ಲಿಗೇ ನಿಲ್ಲಿಸಿದ್ದರು. ಇವರು ಒಂದೊಂದನ್ನೇ ಅಳೆದರು. ಒಂದರಲ್ಲಿ 12.6, ಇನ್ನೊಂದರಲ್ಲಿ 11.4. "ಮ್ಯೂಸಿಕ್ ಸೆಟ್ಟಿಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದಾರೆ?" ಅಂತ ಕೇಳಿದರು. ಅಲ್ಲೇ ಇತ್ತು ನೋಡಿ.

12 ವೋಲ್ಟಿನ ಎರಡು ಬ್ಯಾಟರಿ ಸೇರಿ ಗಾಡಿ 24 ವೋಲ್ಟಿನದು, ಮ್ಯೂಸಿಕ್ ಸಿಸ್ಟಮ್ 12ರದು. ಅದನ್ನು ಕೂರಿಸಿದವನು ಸುಲಭ ಅಂತ ಒಂದೇ ಬ್ಯಾಟರಿಯಿಂದ ವೈರ್ ಎಳೆದಿದ್ದ. ಆಮೇಲೆ ಜಿಪಿಎಸ್ ಹಾಕಿದವನೂ ಅದೇ ವೈರಿಗೆ ಸುತ್ತಿ ಟೇಪ್ ಅಂಟಿಸಿದ್ದ. ಡೈನಮೋ ಎರಡಕ್ಕೂ ಒಂದೇ ಸಮ ಚಾರ್ಜ್ ಕೊಡುತ್ತದೆ, ಖರ್ಚು ಮಾತ್ರ ಒಂದರದ್ದೇ. ಅದು ಯಾವತ್ತೂ ತುಂಬುವುದಿಲ್ಲ. ಪಕ್ಕದ್ದು ಓವರ್ ಚಾರ್ಜ್ ಆಗಿ ನೀರು ಬತ್ತಿಸಿಕೊಳ್ಳುತ್ತದೆ. ಮುಚ್ಚಳ ಬಿಚ್ಚಿ ತೋರಿಸಿದರು, ಪ್ಲೇಟು ಕಾಣುವಷ್ಟು ನೀರು ಇಳಿದಿತ್ತು. ಇನ್ನೂ ಒಂದು ವರ್ಷ ಬಿಟ್ಟಿದ್ದರೆ ಮತ್ತೊಂದು ಜೊತೆ ಬ್ಯಾಟರಿ ನನ್ನ ತಲೆಗೇ.

ಜಿಪಿಎಸ್ ಡಬ್ಬಿಯ ಸ್ಟಿಕ್ಕರ್ ಒರೆಸಿ ಓದಿದರು. 9ರಿಂದ 36 ವೋಲ್ಟ್ ಅಂತ ಅದರ ಮೇಲೇ ಇದೆ! ಅದನ್ನು ನೇರವಾಗಿ 24ಕ್ಕೆ ಕೊಟ್ಟು, ನಡುವೆ ಒಂದು ಫ್ಯೂಸ್ ಹಾಕಿದರು. ಸೆಟ್ಟಿಗೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್, ಅದೂ ಕೀ ಆನ್ ಇದ್ದರೆ ಮಾತ್ರ ಓಡುವ ಹಾಗೆ. ಇಳಿದಿದ್ದ ಬ್ಯಾಟರಿಯನ್ನು ಬೇರೆಯಾಗಿ ಚಾರ್ಜಿಗೆ ಹಾಕಿದರು, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿದರು. ಹೊಸ ಬ್ಯಾಟರಿಯ ಮಾತೇ ಎತ್ತಲಿಲ್ಲ. ಕೊನೆಗೆ ಕೀ ಆಫ್ ಮಾಡಿ, ವೈರಿಗೆ ಕ್ಲಾಂಪ್ ಮೀಟರ್ ಹಾಕಿ, ಕರೆಂಟ್ ಎಲ್ಲೂ ಸೋರುತ್ತಿಲ್ಲ ಅಂತ ನನಗೇ ತೋರಿಸಿದರು. ಕನ್ವರ್ಟರ್, ಕೂಲಿ ಎಲ್ಲ ಸೇರಿ 2,200 ರೂಪಾಯಿ. ಬ್ಯಾಟರಿಗೆ ಸುರಿದ ದುಡ್ಡು ನೆನೆಸಿಕೊಂಡರೆ ಇದು ಏನೂ ಅಲ್ಲ, ಅಲ್ವಾ?

ಕೊರತೆಯೂ ಇದೆ. ಫೋನ್ ಎತ್ತುವುದಿಲ್ಲ. ಬಿಲ್ ಕೇಳಿದರೆ ಚೀಟಿ ಕೊಡುತ್ತಾರೆ, ಕಂಪನಿ ಗಾಡಿಯವರಿಗೆ ಅದು ಆಗಿಬರಲ್ಲ. ಕೆಲಸ ನಿಧಾನ, ಅರ್ಧ ದಿನ ಅಂದರೆ ಇಡೀ ದಿನ ಅಂತ ಲೆಕ್ಕ ಹಾಕಿಕೊಳ್ಳಿ. ಲೋಡ್ ಇರುವ ದಿನ ಹೋಗಬೇಡಿ.

ಸೆಲ್ಫ್ ಈಗ ಒಂದೇ ಏಟಿಗೆ ಹಿಡಿಯುತ್ತಿದೆ. ಡ್ರೈವರಿಗೆ ಮಾತ್ರ ಅಸಮಾಧಾನ, ಗಾಡಿ ನಿಲ್ಲಿಸಿ ಮಲಗುವಾಗ ಹಾಡು ಬರಲ್ಲ ಅಂತ.