ಮನೆಬಳಕೆಯ ಶಿಶು ಡಾಪ್ಲರ್: ನಾಲ್ಕನೆಯ ತಿಂಗಳಿನಿಂದ ಎಂಟನೆಯ ತಿಂಗಳವರೆಗೆ ಬಳಸಿದ ಮೇಲೆ

ಶಿಶು ಡಾಪ್ಲರ್ ಎಂದರೆ ಹೊಟ್ಟೆಯೊಳಗಿನ ಮಗುವಿನ ಹೃದಯಬಡಿತವನ್ನು ಕೇಳಿಸುವ ಉಪಕರಣ. ನನ್ನ ಬಳಿ ಇದ್ದದ್ದು ಅಂಗೈಯಲ್ಲಿ ಹಿಡಿಸುವ ಸಾಧಾರಣ ಮಾದರಿಯದು: ಒಂದು ಪುಟ್ಟ ಪೆಟ್ಟಿಗೆ, ತಂತಿಯ ತುದಿಗೆ ಹೊಟ್ಟೆಯ ಮೇಲೆ ಇಡುವ ಪ್ರೋಬ್, ಬಡಿತದ ಸಂಖ್ಯೆಯನ್ನು ತೋರಿಸುವ ಪರದೆ, ಇಯರ್‌ಫೋನ್ ಸಿಕ್ಕಿಸಲು ಒಂದು ತೂತು. ಮೊದಲ ಬಸಿರಿನಲ್ಲಿ ಮೂರನೆಯ ತಿಂಗಳಲ್ಲೇ ಗರ್ಭಪಾತವಾಗಿದ್ದ ಕಾರಣ, ಎರಡನೆಯ ಸಲ ಒಂದು ಸ್ಕ್ಯಾನ್ ಮುಗಿದು ಇನ್ನೊಂದು ಬರುವವರೆಗಿನ ವಾರಗಳನ್ನು ಕಳೆಯುವುದೇ ದುಸ್ತರವಾಗಿ ಇದನ್ನು ತರಿಸಿಕೊಂಡೆ. ಇದೇ ಆತಂಕದಿಂದ ಇದನ್ನು ಕೊಳ್ಳಲು ಯೋಚಿಸುತ್ತಿರುವವರು ಬಹಳ ಮಂದಿ ಇದ್ದಾರೆಂದು ಬಲ್ಲೆನಾದ್ದರಿಂದ, ಉಪಕರಣದ ಗುಣಮಟ್ಟದ ಜೊತೆಗೆ ಅದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂಬುದನ್ನೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪ್ರೋಬ್ ಸಾಮಾನ್ಯವಾಗಿ 2ರಿಂದ 3 ಮೆಗಾಹರ್ಟ್ಸ್ ಆವರ್ತನದ ಶ್ರವಣಾತೀತ (ಅಲ್ಟ್ರಾಸೌಂಡ್) ತರಂಗಗಳನ್ನು ಒಳಗೆ ಕಳಿಸುತ್ತದೆ. ಚಲಿಸುತ್ತಿರುವ ಹೃದಯದ ಗೋಡೆಗೋ ಹರಿಯುತ್ತಿರುವ ರಕ್ತಕ್ಕೋ ತಾಗಿ ಮರಳುವಾಗ ಆ ತರಂಗಗಳ ಆವರ್ತನ ತುಸು ಬದಲಾಗುತ್ತದೆ. ಆ ವ್ಯತ್ಯಾಸವನ್ನೇ ಯಂತ್ರ ನಮ್ಮ ಕಿವಿಗೆ ಸದ್ದಾಗಿ ಕೇಳಿಸುತ್ತದೆ. ಆದ್ದರಿಂದ ಹೊಟ್ಟೆಯೊಳಗೆ ಚಲಿಸುವುದೆಲ್ಲವೂ ಇದರಲ್ಲಿ ಸದ್ದು ಮಾಡುತ್ತದೆ: ಮಗುವಿನ ಹೃದಯ, ಹೊಕ್ಕುಳಬಳ್ಳಿ, ಮಾಸಿನ ರಕ್ತಸಂಚಾರ, ತಾಯಿಯ ದೊಡ್ಡ ರಕ್ತನಾಳಗಳು, ಕರುಳಿನ ಗುಡುಗುಡು ಕೂಡ. ಚರ್ಮಕ್ಕೂ ಪ್ರೋಬ್‌ಗೂ ನಡುವೆ ಗಾಳಿ ಉಳಿದರೆ ತರಂಗ ಒಳಹೋಗುವುದೇ ಇಲ್ಲ. ಜೆಲ್ ಬೇಕಾಗುವುದು ಅದಕ್ಕಾಗಿ. ಜೊತೆಗೆ ಬಂದಿದ್ದ ಜೆಲ್ ಟ್ಯೂಬ್ ಬೇಗನೆ ಮುಗಿಯಿತು. ಬ್ಯಾಟರಿ ಇಳಿಯುತ್ತ ಬಂದಾಗ ಕರಕರ ಸದ್ದು ಹೆಚ್ಚಾಗುತ್ತದೆ. ಯಂತ್ರವಾಗಿ ನೋಡಿದರೆ ಇವೆರಡನ್ನು ಬಿಟ್ಟು ಬೇರೆ ದೂರಿಲ್ಲ.

ಬಡಿತವನ್ನು ಹುಡುಕುವುದು ಮಾತ್ರ ಕಲಿಯಬೇಕಾದ ಕೆಲಸ. ನಾಲ್ಕನೆಯ ತಿಂಗಳಲ್ಲಿ ಗರ್ಭಕೋಶ ಇನ್ನೂ ಕೆಳಗೇ ಇರುವುದರಿಂದ, ಹೊಕ್ಕುಳಿನ ಬಳಿ ಹುಡುಕಿದರೆ ಏನೂ ಸಿಗುವುದಿಲ್ಲ. ಕಿಬ್ಬೊಟ್ಟೆಯ ಕೆಳತುದಿಯಲ್ಲಿ, ಮೂಳೆಯ ಮೇಲಂಚಿಗೆ ಪ್ರೋಬ್ ಇಟ್ಟು, ಜಾಗ ಬದಲಿಸದೆ ಅದರ ಮುಖವನ್ನು ಮಾತ್ರ ಕೂದಲೆಳೆಯಷ್ಟು ಓರೆಮಾಡುತ್ತ ಹೋಗಬೇಕು. ನನಗೆ ಮೊದಲು ಕೇಳಿದ್ದು ಸುಯ್ ಸುಯ್ ಎಂದು ಬೀಸುವ, ನಿಧಾನವಾದ ಸದ್ದು. ಎಡಗೈಯ ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿದಾಗ ಎರಡೂ ಒಂದೇ ಲಯದಲ್ಲಿದ್ದವು. ಅದು ನನ್ನದೇ ರಕ್ತದ ಓಟ. ಪ್ರೋಬ್‌ನ ಮುಖವನ್ನು ಇನ್ನಷ್ಟು ಕೆಳಕ್ಕೆ ತಿರುಗಿಸಿದಾಗ, ಅದರ ಹಿಂದಿನಿಂದ ಕುದುರೆಯೊಂದು ನಾಗಾಲೋಟದಲ್ಲಿ ಓಡಿದಂತಹ, ನನ್ನ ನಾಡಿಗಿಂತ ಸುಮಾರು ಎರಡು ಪಟ್ಟು ವೇಗದ ಸದ್ದು ಬಂತು. ಪರದೆಯ ಮೇಲಿನ ಅಂಕಿ ಅತ್ತಿತ್ತ ಜಿಗಿದು 150ರ ಆಸುಪಾಸಿನಲ್ಲಿ ನಿಂತಿತು. ಆ ಕ್ಷಣದ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳಲಾರೆ.

ಹಾಗೆಂದು ಪರದೆಯ ಅಂಕಿಯನ್ನು ನಂಬಿ ಕೂರುವಂತಿಲ್ಲ. ಬಸಿರಿನ ಉತ್ತರಾರ್ಧದಲ್ಲಿ ಮಗುವಿನ ಬಡಿತ ನಿಮಿಷಕ್ಕೆ 110ರಿಂದ 160ರವರೆಗೆ ಇರುವುದು ಸಹಜವೆನ್ನುತ್ತಾರೆ. ಆದರೆ ಯಂತ್ರ ಕೆಲವೊಮ್ಮೆ ನಿಜವಾದ ಬಡಿತದ ಅರ್ಧವನ್ನೋ ದುಪ್ಪಟ್ಟನ್ನೋ ತೋರಿಸುತ್ತದೆ, ಕೆಲವೊಮ್ಮೆ ತಾಯಿಯ ನಾಡಿಯನ್ನೇ ಎಣಿಸುತ್ತದೆ. ಗಾಬರಿಯಾದ ತಾಯಿಯ ನಾಡಿ 110ನ್ನು ದಾಟುವುದೂ ಉಂಟು. ಆಗ ಎರಡನ್ನೂ ಬೇರ್ಪಡಿಸುವುದು ನಮ್ಮಂಥವರ ಕೈಲಾಗುವ ಮಾತಲ್ಲ. ಮಾಸು ಗರ್ಭಕೋಶದ ಮುಂಭಾಗದಲ್ಲಿದ್ದರೆ, ಗರ್ಭಕೋಶ ಹಿಂದಕ್ಕೆ ಬಾಗಿದ್ದರೆ, ಅಥವಾ ಮಗು ಮಗ್ಗುಲು ಬದಲಿಸಿದ್ದರೆ ಎಲ್ಲವೂ ಸರಿಯಿದ್ದಾಗಲೂ ಬಡಿತ ಸಿಗದೆ ಹೋಗಬಹುದು. ಸಿಗದ ರಾತ್ರಿಗಳು ಬಹಳ ಕೆಟ್ಟವು. ಹೊಟ್ಟೆಯ ಮೇಲೆ ಜೆಲ್ ಒಣಗಿ ಅಂಟಾಗುವವರೆಗೆ ಹುಡುಕುತ್ತಿದ್ದಾಗ ಯಜಮಾನರು, "ಸಾಕು ಕಣೇ, ಅದನ್ನ ಪಕ್ಕಕ್ಕಿಡು, ಡಾಕ್ಟರಿಗೆ ಫೋನ್ ಮಾಡೋಣ" ಎಂದು ಪ್ರೋಬನ್ನು ಕೈಯಿಂದ ತೆಗೆದುಕೊಂಡದ್ದೂ ಉಂಟು. ಆತಂಕ ಕಳೆಯಲೆಂದು ತಂದ ವಸ್ತು ಹೀಗೆ ಹೊಸ ಆತಂಕಕ್ಕೂ ದಾರಿಯಾಗುತ್ತದೆಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಇದಕ್ಕಿಂತ ಗಂಭೀರವಾದದ್ದು ಬಡಿತ ಸಿಕ್ಕಾಗಿನ ಅಪಾಯ. ಎಂಟನೆಯ ತಿಂಗಳಲ್ಲಿ ಒಂದು ದಿನ ಮಧ್ಯಾಹ್ನದಿಂದ ಮಗುವಿನ ಮಿಸುಕಾಟ ಕಡಿಮೆಯಾದಂತೆನಿಸಿತು. ಡಾಪ್ಲರ್ ಇಟ್ಟಾಗ ಬಡಿತ ಸ್ಪಷ್ಟವಾಗಿ ಕೇಳಿತು. ಆದರೂ ಆಸ್ಪತ್ರೆಗೆ ಹೋದೆವು. ಏಕೆಂದರೆ ನಮ್ಮ ವೈದ್ಯೆ ಮೊದಲೇ ಹೇಳಿಟ್ಟಿದ್ದರು, ಮಗುವಿನ ಅಲುಗಾಟ ಕಡಿಮೆಯಾದರೆ ಕಾಯದೆ ಬರಬೇಕೆಂದು. ಅಲ್ಲಿ ಹೊಟ್ಟೆಗೆ ಬೆಲ್ಟ್ ಕಟ್ಟಿ ಸಿಟಿಜಿ ಮಾಡಿದರು. ಅದು ಬಡಿತವನ್ನು ಬಹಳ ಹೊತ್ತು ಕಾಗದದ ಮೇಲೆ ಬರೆಯುತ್ತದೆ. ಬಡಿತ ಕ್ಷಣಕ್ಷಣಕ್ಕೂ ಎಷ್ಟು ಏರಿಳಿಯುತ್ತದೆ, ಮಗು ಅಲುಗಿದಾಗ ಮೇಲೇರುತ್ತದೆಯೇ, ಎಲ್ಲಾದರೂ ಕುಸಿಯುತ್ತದೆಯೇ ಎಂಬುದನ್ನು ಬಲ್ಲವರು ಓದುತ್ತಾರೆ. ಎಲ್ಲವೂ ಸರಿಯಿತ್ತು. ಆದರೆ ಹಾಗೆ ಹೇಳಲು ಬೇಕಾದ ಯಾವ ಮಾಹಿತಿಯೂ ನನ್ನ ಡಾಪ್ಲರ್ ಬಳಿ ಇರಲಿಲ್ಲ. ಆ ಗಳಿಗೆಯಲ್ಲಿ ಹೃದಯ ಬಡಿಯುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು; ಆಮ್ಲಜನಕದ ಕೊರತೆಯಿಂದ ಬಳಲುತ್ತಿರುವ ಮಗುವಿನ ಹೃದಯವೂ ಬಡಿಯುತ್ತಲೇ ಇರುತ್ತದೆ. 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈದ್ಯರು ವರದಿ ಮಾಡಿದ ಪ್ರಕರಣವೊಂದರಲ್ಲಿ, ಅಲುಗಾಟ ಕಡಿಮೆಯಾದದ್ದನ್ನು ಗಮನಿಸಿದ ಗರ್ಭಿಣಿ ಮನೆಯ ಡಾಪ್ಲರ್‌ನಲ್ಲಿ ಸದ್ದು ಕೇಳಿ ಸಮಾಧಾನಗೊಂಡಿದ್ದರು. ಆಸ್ಪತ್ರೆಗೆ ಬರುವಷ್ಟರಲ್ಲಿ ಮಗು ಉಳಿದಿರಲಿಲ್ಲ. ಇದನ್ನು ಓದಿದ ಮೇಲೆ ಆ ಸದ್ದಿನಿಂದ ಧೈರ್ಯ ತಂದುಕೊಳ್ಳುವುದನ್ನು ನಾನು ಪೂರ್ತಿ ಬಿಟ್ಟೆ.

ತರಂಗಗಳ ಸುರಕ್ಷತೆಯ ಬಗ್ಗೆಯೂ ಕೇಳುವವರಿದ್ದಾರೆ. ಇವುಗಳಿಂದ ಮಗುವಿಗೆ ಹಾನಿಯಾಗಿದೆಯೆಂಬುದಕ್ಕೆ ಪುರಾವೆಯಿಲ್ಲವಾದರೂ, ಶ್ರವಣಾತೀತ ತರಂಗ ಅಂಗಾಂಶವನ್ನು ತುಸು ಬಿಸಿಮಾಡಬಲ್ಲದು. ವೈದ್ಯಕೀಯ ಅಗತ್ಯವಿಲ್ಲದೆ, ತಜ್ಞರ ಮೇಲ್ವಿಚಾರಣೆಯಿಲ್ಲದೆ ಇಂಥ ಉಪಕರಣಗಳನ್ನು ಬಳಸಬಾರದೆಂದು ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿದೆ. ಮನೆಯಲ್ಲಿ ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂದು ಹಿಡಿತವಿಡುವವರು ಯಾರೂ ಇರುವುದಿಲ್ಲ. ಇನ್ನು ಬಡಿತದ ವೇಗದಿಂದ ಮಗು ಗಂಡೋ ಹೆಣ್ಣೋ ತಿಳಿಯುತ್ತದೆಂಬ ಮಾತಿಗೆ ಯಾವ ಆಧಾರವೂ ಇಲ್ಲ.

ಐದನೆಯ ತಿಂಗಳು ತುಂಬಿ ಮಗುವಿನ ಒದೆತ ನನಗೇ ತಿಳಿಯತೊಡಗಿದ ಮೇಲೆ ಇದರ ಬಳಕೆ ತಾನಾಗಿಯೇ ಕಡಿಮೆಯಾಗಿತ್ತು. ಕೊನೆಯ ತಿಂಗಳಲ್ಲಿ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಸದ್ದಿನ ಸ್ಪಷ್ಟತೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಆದರೆ ಮತ್ತೊಮ್ಮೆ ಬಸಿರಾದರೆ ಇದನ್ನು ಕೊಳ್ಳುವುದಿಲ್ಲ. ಬಸಿರಾಗಿರುವ ನನ್ನ ನಾದಿನಿ ಇತ್ತೀಚೆಗೆ ಇದನ್ನು ಕೇಳಿದಾಗಲೂ ಕೊಡಲಿಲ್ಲ. ಅವಳ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ರಾತ್ರಿಯಲ್ಲೂ ಕರೆ ಮಾಡಬಹುದಾದ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳುವಂತೆ ಹೇಳಿದೆ.