ಸಪ್ತಾಪುರದ ಟ್ಯೂಶನ್: ಪಾಠ ಕೇಳಿ, ನೋಟ್ಸ್ ಕೊಳ್ಳಬೇಡಿ

ಪಿಯುಸಿಗೆ ಗಣಿತ ಬಿಟ್ಟವಳು ನಾನು. ಬಿಎಸ್ಸಿಯಲ್ಲಿ ಭೌತ ರಸಾಯನಶಾಸ್ತ್ರ ಎದುರಾದಾಗ ಆ ಸಾಲವನ್ನು ಬಡ್ಡಿ ಸಮೇತ ತೀರಿಸಬೇಕಾಯಿತು. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ, ವಾರಕ್ಕೆ ಮೂರು ಸಂಜೆ ಧಾರವಾಡದ ಸಪ್ತಾಪುರದ ಟ್ಯೂಶನ್ ಒಂದಕ್ಕೆ ಹೋದೆ. ಸೆಮಿಸ್ಟರಿಗೆ 2,500 ರೂಪಾಯಿ. ಹೆಸರು ಬೇಡ, ಮುಂದೆ ಬೈಯುವುದಿದೆ.

ಮೊದಲು ಹೊಗಳಿಕೆ. ಒತ್ತಡ ಬದಲಾದರೆ ಕುದಿಬಿಂದು ಎಷ್ಟು ಬದಲಾಗುತ್ತದೆ ಎಂದು ಹೇಳುವ ಕ್ಲಾಸಿಯಸ್-ಕ್ಲಾಪೆರಾನ್ ಸಮೀಕರಣದ ದಿನ ಸರ್ ಬೋರ್ಡಿನ ಕಡೆ ತಿರುಗಲೇ ಇಲ್ಲ. ಸಣ್ಣ ಗ್ಯಾಸ್ ಒಲೆಯ ಮೇಲೆ ಚಹಾದ ಪಾತ್ರೆಯಲ್ಲಿ ನೀರಿಟ್ಟು, ಥರ್ಮಾಮೀಟರ್ ಇಳಿಬಿಟ್ಟರು. ನೀರು ಕುದಿಯತೊಡಗಿತು, ಪಾದರಸ ಮಾತ್ರ ತೊಂಬತ್ತೇಳೂವರೆಯ ಆಸುಪಾಸಿನಲ್ಲಿ ನಿಂತುಬಿಟ್ಟಿತು. ‘ಥರ್ಮಾಮೀಟರ್ ಕೆಟ್ಟಿದೆ ಸರ್’ ಎಂದ ಹಿಂದಿನ ಬೆಂಚಿನವನು. ಊರು ಸಮುದ್ರಮಟ್ಟದಿಂದ 700 ಮೀಟರ್‌ಗೂ ಮೇಲಿದೆ; ಒತ್ತಡ 0.915 ಅಟ್ಮಾಸ್ಫಿಯರ್, ಆವೀಕರಣದ ಉಷ್ಣ ಮೋಲ್‌ಗೆ 40.7 ಕಿಲೋಜೂಲ್ ಎಂದು ಹಿಡಿದು ಲೆಕ್ಕ ಮಾಡಿ ಎಂದರು. ಉಳಿದೆಲ್ಲರಿಗೂ 97.5 ಡಿಗ್ರಿ ಬಂತು. ನಾನು ಕಿಲೋಜೂಲನ್ನು ಜೂಲ್ ಮಾಡದೆ, ಜೂಲ್‌ನಲ್ಲಿರುವ ಅನಿಲ ಸ್ಥಿರಾಂಕ 8.314ರ ಪಕ್ಕ ಹಾಗೇ ಇಟ್ಟಿದ್ದೆ. ನನ್ನ ವಹಿಯಲ್ಲಿ ನೀರು ಮೈನಸ್ 225 ಡಿಗ್ರಿಗೇ ಕುದಿದಿತ್ತು. ಸರ್ ಇಣುಕಿ ನೋಡಿ, ‘ನಿಮ್ಮ ಮನೆಯಲ್ಲಿ ಚಹಾಕ್ಕೆ ಗ್ಯಾಸ್ ಖರ್ಚೇ ಇಲ್ಲವಲ್ಲ, ತಂಗಿ’ ಎಂದರು. ಅಂದಿನಿಂದ ಏಕಮಾನ ಬರೆಯದೆ ನಾನು ಒಂದು ಸಂಖ್ಯೆಯನ್ನೂ ಮುಂದಿನ ಸಾಲಿಗೆ ಇಳಿಸಿಲ್ಲ.

ಇನ್ನು ನೋಟ್ಸ್. 180 ರೂಪಾಯಿ ಕೊಟ್ಟು ಕೊಂಡ ಜೆರಾಕ್ಸ್ ಕಟ್ಟು, ಯಾರೋ ಇಬ್ಬರು ಬೇರೆ ಬೇರೆ ಕಾಲದಲ್ಲಿ ಬರೆದದ್ದನ್ನು ಹೊಲಿದಂತಿದೆ. ಮೊದಲ ಅಧ್ಯಾಯದಲ್ಲಿ ಕೆಲಸದ ಚಿಹ್ನೆಯ ಹಳೆಯ ರೂಢಿ: ಒಳಶಕ್ತಿಯ ಬದಲಾವಣೆ ಎಂದರೆ ಉಷ್ಣದಲ್ಲಿ ಕೆಲಸವನ್ನು ಕಳೆಯಬೇಕು. ಮುಂದಿನ ಅಧ್ಯಾಯದಲ್ಲಿ ಅನಿಲ ಹಿಗ್ಗುವಾಗಿನ ಕೆಲಸಕ್ಕೆ ಆಗಲೇ ಋಣ ಚಿಹ್ನೆ, ಅದು ಹೊಸ ರೂಢಿ, ಅಲ್ಲಿ ಉಷ್ಣಕ್ಕೆ ಕೆಲಸವನ್ನು ಕೂಡಬೇಕು. ಎರಡೂ ಸರಿ, ಜೊತೆಗೆ ಬಳಸಿದರೆ ಅನರ್ಥ. ಕಿರುಪರೀಕ್ಷೆಯಲ್ಲಿ ಅನಿಲ 1,500 ಜೂಲ್ ಉಷ್ಣ ಹೀರಿ, 2 ಅಟ್ಮಾಸ್ಫಿಯರ್ ಒತ್ತಡದ ವಿರುದ್ಧ 5 ಲೀಟರ್ ಹಿಗ್ಗುವ ಲೆಕ್ಕ ಬಂದಿತ್ತು. ಕೆಲಸ 1,013 ಜೂಲ್. ಉತ್ತರ 487 ಆಗಬೇಕು. ನೋಟ್ಸ್ ನಂಬಿದ ನಾನು ಋಣ ಚಿಹ್ನೆಯ ಕೆಲಸವನ್ನು ಮತ್ತೆ ಕಳೆದು, 2,513 ಎಂದು ಬರೆದು ಅಡಿಗೆರೆ ಬೇರೆ ಎಳೆದು ಬಂದೆ. ಐದು ಅಂಕ ಹೋಯಿತು. ಕಚೇರಿಯಲ್ಲಿ ತೋರಿಸಿದರೆ, ‘ಹೋದ ವರ್ಷವೂ ಇದನ್ನೇ ಕೊಟ್ಟಿದ್ದೆವು’ ಎಂಬ ಉತ್ತರ. ಅದೇ ಸಮರ್ಥನೆಯಂತೆ!

ಕೋಣೆ ಇಕ್ಕಟ್ಟು. ನಾಲ್ಕನೇ ಬೆಂಚಿನಿಂದಾಚೆಗೆ ಬೋರ್ಡಿನ ಘಾತಾಂಕಗಳು ಕಾಣುವುದಿಲ್ಲ, ಈ ವಿಷಯದಲ್ಲಿ ಅದು ಸಣ್ಣ ಕೊರತೆಯಲ್ಲ. ಮುಂದಿನ ಸೆಮಿಸ್ಟರಿಗೂ ನಾನು ಹಣ ಕಟ್ಟಿದ್ದೇನೆ, ಪಾಠಕ್ಕೆ ಮಾತ್ರ. ಸೇರುವವರು ಕಾಲು ಗಂಟೆ ಮೊದಲೇ ಹೋಗಿ ಕಿಟಕಿಯ ಪಕ್ಕದ ಎರಡನೇ ಬೆಂಚು ಹಿಡಿಯಿರಿ, ಮೊದಲನೆಯದರಲ್ಲಿ ನಾನಿರುತ್ತೇನೆ.