ದಾವಣಗೆರೆ ಕಡೆಯ ಯಾರ್ಡ್ ಹರಾಜು: ಸೀಜಿಂಗ್ ಕಾರಿಗೆ ಬಾನೆಟ್‌ಗಿಂತ ಮೊದಲು ಕಾಗದ ನೋಡಿ

ಕಂತು ಕಟ್ಟದ್ದಕ್ಕೆ ಬ್ಯಾಂಕು, ಫೈನಾನ್ಸ್‌ನವರು ಎತ್ತಿಕೊಂಡು ಬಂದ ಕಾರುಗಳನ್ನು ಯಾರ್ಡ್‌ನಲ್ಲಿ ಹರಾಜು ಹಾಕುತ್ತಾರೆ. ಪಿ.ಬಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗಿಂತ ದರ ಕಡಿಮೆ ಇರುವುದು ನಿಜ. ಆದರೆ ಇಲ್ಲಿ ದುಡ್ಡು ಮುಳುಗುವುದು ಎಂಜಿನ್‌ನಿಂದಲ್ಲ, ಬಹುಪಾಲು ಆರ್‌ಸಿಯಿಂದ, ಅಂದರೆ ಗಾಡಿಯ ನೋಂದಣಿ ಪತ್ರದಿಂದ. ಎಂಜಿನ್‌ಗೆ ಮೇಸ್ತ್ರಿ ಇದ್ದಾನೆ. ಹೆಸರಿಗೆ ಬಾರದ ಗಾಡಿಗೆ ಯಾರೂ ಇಲ್ಲ.

ಸೀಜ್ ಮಾಡುವಾಗ ಹಳೆ ಮಾಲೀಕರು ಆರ್‌ಸಿ ಕೊಡುವುದು ಅಪರೂಪ. ಆಗ ಮೋಟಾರು ವಾಹನ ಕಾಯ್ದೆಯ 51(5)ನೇ ಕಲಮಿನಂತೆ ಫೈನಾನ್ಸ್‌ನವರೇ ಫಾರಂ 36 ಕೊಟ್ಟು ಆರ್‌ಸಿಯನ್ನು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಟಿಓ ಕಚೇರಿ ಹಳೆ ಮಾಲೀಕರಿಗೆ ಫಾರಂ 37ರಲ್ಲಿ ನೋಟಿಸ್ ಕಳಿಸುತ್ತದೆ. ಅಲ್ಲಿ ತಕರಾರು ಬಂದರೆ ತಿಂಗಳುಗಟ್ಟಲೆ ಕಾಯಬೇಕು. ಹೊಸ ಆರ್‌ಸಿ ಬಂದ ಮೇಲಷ್ಟೇ 29, 30ನೇ ಫಾರಂನಲ್ಲಿ ನಿಮ್ಮ ಹೆಸರಿಗೆ ವರ್ಗಾವಣೆ. ಹಾಗಾಗಿ ಕೂಗುವ ಮೊದಲೇ ಒಂದು ಪ್ರಶ್ನೆ ಕೇಳಿ: ‘36 ಆಗಿದೆಯಾ, ಆಗಬೇಕಾ?’ ಆಗಿದ್ದರೆ ಆ ಗಾಡಿಗೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ‘ಸಾಲ ಕೊಡುವಾಗಲೇ 29, 30ಕ್ಕೆ ಸಹಿ ಹಾಕಿಸಿಕೊಂಡಿದ್ದೇವೆ, ಅಷ್ಟು ಸಾಕು’ ಎಂದರೆ ಒಪ್ಪಬೇಡಿ. ಹಳೆ ಮಾಲೀಕರ ಮೊಬೈಲಿಗೆ ಓಟಿಪಿ ಹೋಗುವ ಹಂತದಲ್ಲಿ ಕೆಲಸ ನಿಂತುಬಿಡುತ್ತದೆ. ಇನ್ನು ಹರಾಜಿನ ಗಾಡಿಯನ್ನು ಹೆಸರಿಗೆ ಮಾಡಿಸುವ ಫಾರಂ 32 ಇರುವುದು ಸರ್ಕಾರ ನಡೆಸುವ ಹರಾಜಿಗೆ, ಬ್ಯಾಂಕಿನದಕ್ಕಲ್ಲ. ಏಜೆಂಟರೂ ಇದನ್ನು ಕಲಸಿಬಿಡುತ್ತಾರೆ.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ ಯಾರ ಹೆಸರಲ್ಲಿದೆ, ಇನ್ಶೂರೆನ್ಸ್ ಯಾವಾಗ ಮುಗಿದಿದೆ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ನೋಡಿ. ಟ್ರಾಫಿಕ್ ದಂಡ ಬಾಕಿ ಇದ್ದರೆ ಅದೂ ನಿಮ್ಮ ತಲೆಗೇ ಬರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಆಂಧ್ರದ ನಂಬರಿನ ಗಾಡಿ ಸಿಕ್ಕರೆ ಆ ರಾಜ್ಯದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಅಗ್ಗ ಅನ್ನಿಸಿದ್ದು ಅಲ್ಲಿಗೇ ಸಮ ಆಗುತ್ತದೆ.

ಗಾಡಿ ನೋಡುವ ದಿನ ಬಿಸಿಲೇರುವ ಮೊದಲೇ ಹೋಗಿ. ಟಾರ್ಚ್, ಹಳೆ ಬಟ್ಟೆ, ಪೆನ್ಸಿಲ್, ಬಿಳಿ ಹಾಳೆ, ಎಂಜಿನ್‌ನ ದೋಷ ಓದುವ ಓಬಿಡಿ ಸ್ಕ್ಯಾನರ್ ಜೊತೆಗಿರಲಿ. ಚಾಸಿ ನಂಬರ್ ಮೇಲಿನ ಧೂಳು ಒರೆಸಿ, ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ. ಅಚ್ಚು ಬಿದ್ದ ಅಂಕಿಗಳು ಒಂದೇ ಆಳ, ಒಂದೇ ಸಾಲಿನಲ್ಲಿ ಇರಬೇಕು. ಒಂದು ಅಂಕಿಯ ಸುತ್ತ ಉಜ್ಜಿದ ಗುರುತು ಕಂಡರೆ ಆ ಗಾಡಿಯ ಹತ್ತಿರ ಮತ್ತೆ ಹೋಗಬೇಡಿ. ಟೈರಿನ ಪಕ್ಕದಲ್ಲಿ 2321 ಎಂದಿದ್ದರೆ ಅದು 2021ರ 23ನೇ ವಾರದ ಟೈರು. ಟೈರಿನ ಮೇಲಿನ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಟೈರು ಚಪ್ಪಟೆಯಾಗಿ, ಆಮೇಲೆ ಸ್ಟೀರಿಂಗ್ ನಡುಗಿಸುತ್ತದೆ.

ಏರ್ ಫಿಲ್ಟರ್ ಡಬ್ಬ ತಪ್ಪದೆ ತೆಗೆಸಿ. ನಮ್ಮ ಕಡೆ ಹೊಲದ ಪಕ್ಕ ಗಾಡಿ ನಿಂತರೆ ಅದರೊಳಗೆ ಮೆಕ್ಕೆಜೋಳದ ರವದಿ, ಹಿಕ್ಕೆ ಸಿಗುತ್ತದೆ. ಇಲಿ ಅಲ್ಲಿ ಗೂಡು ಕಟ್ಟಿದೆ ಎಂದರೆ ವೈರಿಂಗ್ ಕಡಿದಿದೆ ಎಂದೇ ಲೆಕ್ಕ. ಆ ಖರ್ಚು ಬ್ಯಾಟರಿ, ಟೈರಿನಂತೆ ಮೊದಲೇ ಹೇಳಲು ಬರುವುದಿಲ್ಲ.

ಯಾರ್ಡ್‌ನಲ್ಲಿ ಸ್ಟಾರ್ಟ್ ಮಾಡಿಸುತ್ತಾರೆ, ರಸ್ತೆಗೆ ಬಿಡುವುದಿಲ್ಲ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದಾರೋ ಎಂದು ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಸ್ಟಾರ್ಟ್ ಆದ ಮೇಲೆ ಹದಿನೈದು ನಿಮಿಷ ಬಿಡಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಕಾಯಿರಿ. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿದೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಯಾರ್ಡ್‌ನ ಸೇವೆಯಲ್ಲಿ ನಮಗೆ ಒಪ್ಪಿಗೆಯಾಗದ ಸಂಗತಿ ಅಪ್ರೂವಲ್. ಅತಿ ಹೆಚ್ಚು ಕೂಗಿದರೂ ಗಾಡಿ ಆಗಲೇ ನಿಮ್ಮದಲ್ಲ, ಬ್ಯಾಂಕು ಒಪ್ಪಬೇಕು. ಒಪ್ಪುವವರೆಗೆ ಕೂಗಲು ನೀವು ಕಟ್ಟಿದ ಠೇವಣಿ ಅಲ್ಲೇ ಕೂತಿರುತ್ತದೆ. ಒಪ್ಪಿದರೆ ಮಾತ್ರ ಕೆಲವೇ ದಿನಗಳಲ್ಲಿ ಪೂರ್ತಿ ಹಣ ಕಟ್ಟಬೇಕು, ತಡವಾದರೆ ಠೇವಣಿ ಹೋಗುತ್ತದೆ. ಸಾಲ ಮಾಡಿ ಕೊಳ್ಳುವವರಿಗೆ ಇದು ಕಷ್ಟ. ಕೂಗಿದ ದರದ ಮೇಲೆ ಯಾರ್ಡ್‌ನ ಫೀಸು, ಅದಕ್ಕೆ 18% ಜಿಎಸ್‌ಟಿ, ತಡವಾಗಿ ಒಯ್ದರೆ ದಿನದ ಬಾಡಿಗೆ. ಗಾಡಿ ದರಕ್ಕೇ ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ಎರಡನೇ ಕೀ ಸಿಗುವುದಿಲ್ಲ ಎಂದೇ ತಿಳಿದು ಕೂಗಿ. ಇನ್ಶೂರೆನ್ಸ್ ಮುಗಿದ ಗಾಡಿಯನ್ನು ಗೇಟಿನಿಂದ ಓಡಿಸಿಕೊಂಡು ಬರಬೇಡಿ, ಟೋಯಿಂಗ್ ಗಾಡಿಯಲ್ಲಿ ಹೇರಿಸಿ. ಹೊರಡುವ ಮುನ್ನ ಸೇಲ್ ಲೆಟರ್, ಹಣ ಕಟ್ಟಿದ ರಸೀದಿ, ಬಿಡುಗಡೆ ಪತ್ರ, ಗಾಡಿ ಮೇಲಿನ ಸಾಲದ ಹಕ್ಕು ಮುಗಿಯಿತು ಎಂಬ ಫೈನಾನ್ಸ್‌ನವರ ಫಾರಂ 35 ಕೈಯಲ್ಲಿರಲಿ. ನಾಲ್ಕರಲ್ಲೂ ಚಾಸಿ ನಂಬರಿನ ಪ್ರತಿ ಅಕ್ಷರವನ್ನು ನಿಮ್ಮ ಪೆನ್ಸಿಲ್ ಅಚ್ಚಿಗೆ ಅಲ್ಲೇ ನಿಂತು ತಾಳೆ ನೋಡಿ. ತಪ್ಪಿದ್ದರೆ ಅವತ್ತೇ ತಿದ್ದಿಸಿ. ಗಾಡಿ ಹೊರಟ ಮೇಲೆ ತಿದ್ದಿಸಲು ಬ್ಯಾಂಕಿನ ಬೇರೆ ಊರಿನ ಕಚೇರಿಗೆ ಓಡಾಡಬೇಕಾಗುತ್ತದೆ.